ಮದರಾಸಿನ ಪ್ರಯೋಗ, ತುಮಕೂರಿನ ಸಮೀಕ್ಷೆ: ಕ್ಷಯನಿವಾರಣೆಯ ಇತಿಹಾಸದ ಒಂದು ಅಧ್ಯಾಯ

ರೋಗಗಳ ಇತಿಹಾಸವು ವೈದ್ಯರ ಇತಿಹಾಸ ಮಾತ್ರವಲ್ಲ. ಒಂದು ಸಮಾಜವು ತನ್ನ ದುರ್ಬಲರನ್ನು ಹೇಗೆ ನಡೆಸಿಕೊಂಡಿತೆಂಬುದರ ಇತಿಹಾಸವೂ ಅಹುದು. ಈ ಮಾತಿಗೆ ಕ್ಷಯರೋಗಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ನಮ್ಮ ಪ್ರಾಚೀನರು ಇದನ್ನು ರಾಜಯಕ್ಷ್ಮವೆಂದು ಕರೆದರು. ಹೆಸರಿನಲ್ಲಿ ರಾಜನಿದ್ದರೂ ಈ ವ್ಯಾಧಿಯು ಹೆಚ್ಚಾಗಿ ಆರಿಸಿಕೊಂಡದ್ದು ಬಡವರ ಮನೆಗಳನ್ನು. ಸ್ವತಂತ್ರ ಭಾರತವು ಇದನ್ನು ಎದುರಿಸಲು ಹೊರಟಾಗ ಲೋಕಕ್ಕೇ ಪಾಠವಾಗುವಂತಹ ಎರಡು ಸಂಶೋಧನೆಗಳು ದಕ್ಷಿಣದಲ್ಲಿ ನಡೆದವು: ಒಂದು ನಾವು ವಾಸಿಸುವ ಈ ಮದರಾಸು ನಗರದಲ್ಲಿ, ಇನ್ನೊಂದು ಕನ್ನಡ ನಾಡಿನ ತುಮಕೂರು ಜಿಲ್ಲೆಯಲ್ಲಿ. ಅವೆರಡನ್ನೂ ಒಟ್ಟಿಗೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯದ ಕ್ರಿಮಿಯನ್ನು ಲೋಕಕ್ಕೆ ಪರಿಚಯಿಸಿದನು. ಕಾರಣ ತಿಳಿಯಿತು, ಆದರೆ ಮದ್ದು ದೊರೆಯಲು ಇನ್ನೂ ಅರುವತ್ತು ವರ್ಷಗಳು ಬೇಕಾದವು. ಅಲ್ಲಿಯವರೆಗೆ ವಿಶ್ರಾಂತಿ, ನಿರ್ಮಲವಾಯು, ಪುಷ್ಟಿಕರವಾದ ಆಹಾರ ಇವೇ ಚಿಕಿತ್ಸೆ. ಇವು ಮೂರೂ ಲಭಿಸುವ ಸ್ಥಳವೇ ಆರೋಗ್ಯಧಾಮ. ಮದನಪಲ್ಲಿಯ ಸಮೀಪದ ಆರೋಗ್ಯವರಂ ಇಂತಹ ಸಂಸ್ಥೆಗಳಲ್ಲಿ ಹೆಸರಾದುದು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗಾಗಿ 1921ರಲ್ಲಿ ಒಂದು ಆರೋಗ್ಯಧಾಮವು ತೆರೆಯಿತು. ಅರಮನೆಯನ್ನೂ ಈ ರೋಗ ಬಿಟ್ಟಿರಲಿಲ್ಲವೆಂಬುದಕ್ಕೆ ಆ ಹೆಸರೇ ಸಾಕ್ಷಿ.

ಆದರೆ ಆರೋಗ್ಯಧಾಮಗಳಿಂದ ಒಂದು ರಾಷ್ಟ್ರದ ಕ್ಷಯವನ್ನು ನೀಗುವುದು ಸಾಧ್ಯವೆ? 1946ರ ಭೋರ್ ಸಮಿತಿಯ ವರದಿಯು ದೇಶದಲ್ಲಿ ಸುಮಾರು 25 ಲಕ್ಷ ರೋಗಿಗಳಿರುವರೆಂದೂ, ವರ್ಷಕ್ಕೆ 5 ಲಕ್ಷ ಜನ ಸಾಯುತ್ತಿರುವರೆಂದೂ, ಅವರಿಗಾಗಿ ಇರುವ ಹಾಸಿಗೆಗಳು ಸುಮಾರು 6,000 ಮಾತ್ರವೆಂದೂ ಅಂದಾಜು ಮಾಡಿತು. ಲೆಕ್ಕ ಹಾಕಿದರೆ ಒಂದು ಹಾಸಿಗೆಗೆ ನಾನೂರಕ್ಕೂ ಮಿಗಿಲಾದ ರೋಗಿಗಳು. ಪ್ರತಿಯೊಬ್ಬನೂ ಆರೇ ತಿಂಗಳಲ್ಲಿ ಗುಣಹೊಂದಿ ಹೊರಟನೆಂದು ಭಾವಿಸಿದರೂ, ಅಂದು ಇದ್ದವರ ಸರದಿ ಮುಗಿಯಲು ಇನ್ನೂರು ವರ್ಷಗಳು ಹಿಡಿಯುತ್ತಿದ್ದವು. ಇದರ ಮೇಲೆ, 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಕ್ಷಯವು ಪಟ್ಟಣದ ರೋಗವೆಂಬ ನಂಬಿಕೆಯನ್ನೂ ಅಳಿಸಿಹಾಕಿತು. ಹಳ್ಳಿಗಳಲ್ಲಿಯೂ ಅದು ಬಹುಮಟ್ಟಿಗೆ ಅಷ್ಟೇ ಹಬ್ಬಿತ್ತು.

ಈ ನಡುವೆ ಔಷಧಗಳು ಬಂದಿದ್ದವು. 1943ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯಿತು, ಪಿ.ಎ.ಎಸ್. ಅದರ ಜೊತೆಗೂಡಿತು, 1952ರಲ್ಲಿ ಅಗ್ಗವೂ ಪ್ರಬಲವೂ ಆದ ಐಸೊನಿಯಾಜಿಡ್ ಬಳಕೆಗೆ ಬಂದಿತು. ಈಗ ಹುಟ್ಟಿದ ಪ್ರಶ್ನೆ ಇದು: ಗುಳಿಗೆಯು ಕೈಯಲ್ಲಿರುವಾಗ ಹಾಸಿಗೆಯು ಅವಶ್ಯವೆ?

ಇದನ್ನು ನಿರ್ಣಯಿಸಲು 1956ರಲ್ಲಿ ಮದರಾಸಿನಲ್ಲಿ ಕ್ಷಯ ರಾಸಾಯನಿಕ ಚಿಕಿತ್ಸಾ ಕೇಂದ್ರವು ಸ್ಥಾಪಿತವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಇದರಲ್ಲಿ ಸಹಭಾಗಿಗಳು; ಡಾ. ವಾಲೆಸ್ ಫಾಕ್ಸ್ ಇದರ ಮುಂದಾಳುಗಳಲ್ಲೊಬ್ಬರು. ನಗರದ 193 ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಿ, ಒಂದು ಪಂಗಡವನ್ನು ಆರೋಗ್ಯಧಾಮಕ್ಕೆ ಕಳುಹಿಸಿದರು. ಇನ್ನೊಂದನ್ನು ಮನೆಯಲ್ಲಿಯೇ ಉಳಿಸಿದರು. ಇಬ್ಬರಿಗೂ ಒಂದೇ ಔಷಧ, ಒಂದೇ ಅವಧಿ. ಒಬ್ಬರಿಗೆ ಹಾಸಿಗೆ, ಹಾಲು, ವಿಶ್ರಾಂತಿ. ಮತ್ತೊಬ್ಬರಿಗೆ ಇಕ್ಕಟ್ಟಾದ ಕೋಣೆ, ಅರೆಹೊಟ್ಟೆ, ದುಡಿಮೆ. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷಾಂತ್ಯದಲ್ಲಿ ಆರೋಗ್ಯಧಾಮದವರಲ್ಲಿ ಶೇಕಡ 92 ಮಂದಿಯ, ಮನೆಯಲ್ಲಿದ್ದವರಲ್ಲಿ ಶೇಕಡ 86 ಮಂದಿಯ ರೋಗವು ಶಮನವಾಗಿತ್ತು. ಮನೆಯವರಿಗೆ ಸೋಂಕು ಹೆಚ್ಚಾಗಿ ತಗಲುವುದೆಂಬ ಭಯವೂ ನಿರಾಧಾರವೆಂದು ಕಂಡುಬಂದಿತು. ಸಿರಿವಂತ ದೇಶಗಳು ಸಹ ತಮ್ಮ ಆರೋಗ್ಯಧಾಮಗಳ ಬಗೆಗೆ ಪುನರಾಲೋಚಿಸಬೇಕಾಯಿತು.

ಈ ಪ್ರಯೋಗವು ಇನ್ನೊಂದು ಸತ್ಯವನ್ನೂ ಹೊರಗೆಡಹಿತು. ಕೆಮ್ಮು ನಿಂತ ಕೂಡಲೇ ರೋಗಿಯು ಔಷಧವನ್ನು ಬಿಡುತ್ತಾನೆ. ಅನಿರೀಕ್ಷಿತವಾಗಿ ಮನೆಗೆ ಹೋಗಿ ಗುಳಿಗೆಗಳನ್ನು ಎಣಿಸಿ, ಮೂತ್ರವನ್ನು ಪರೀಕ್ಷಿಸಿ ಕೇಂದ್ರದವರು ಇದನ್ನು ಅರಿತರು. ಆದಕಾರಣ ವಾರಕ್ಕೆರಡು ಬಾರಿ ಕಣ್ಣೆದುರಿನಲ್ಲಿಯೇ ಔಷಧವನ್ನು ಕೊಡುವ ಕ್ರಮವನ್ನು ರೂಪಿಸಿ, 1964ರಲ್ಲಿ ಅದರ ಫಲವನ್ನು ಪ್ರಕಟಿಸಿದರು.

ಇನ್ನು ತುಮಕೂರಿನ ವಿಚಾರ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಆ ಜಿಲ್ಲೆಯ ಹಳ್ಳಿಗಳಲ್ಲಿ ರೋಗದ ಪ್ರಮಾಣವನ್ನು ಅಳೆಯಿತು. ಅದರೊಂದಿಗೆ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ರೋಗಿಗಳ ಮನೋಭಾವವನ್ನು ಅಭ್ಯಸಿಸಿ 1963ರಲ್ಲಿ ವರದಿಮಾಡಿದರು. ಹಳ್ಳಿಯವರು ಅಜ್ಞಾನಿಗಳು, ರೋಗವನ್ನು ಮರೆಮಾಚುವರು ಎಂಬುದು ವಿದ್ಯಾವಂತರ ಸಾಮಾನ್ಯ ಅಭಿಪ್ರಾಯವಾಗಿತ್ತು. ಸಮೀಕ್ಷೆಯು ಕಂಡುದು ಬೇರೆ. ಕಫದಲ್ಲಿ ಕ್ರಿಮಿಯಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಿದ್ದರು. ಅವರಿಗೆ ದೊರೆತದ್ದು ಕೆಮ್ಮಿನ ಔಷಧದ ಸೀಸೆ. ದೋಷವು ಬಂದವನಲ್ಲಿರಲಿಲ್ಲ, ಬರಮಾಡಿಕೊಂಡವರಲ್ಲಿತ್ತು.

ಈ ಎರಡು ಅಡಿಗಲ್ಲುಗಳ ಮೇಲೆ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು ನಿಂತಿತು: ಜಿಲ್ಲೆಗೊಂದು ಕೇಂದ್ರ, ಕೆಮ್ಮುತ್ತ ಬಂದವನ ಕಫಪರೀಕ್ಷೆ, ಮನೆಯಲ್ಲಿಯೇ ಚಿಕಿತ್ಸೆ. ಯೋಜನೆಯು ಸೊಗಸಾಗಿತ್ತು, ನಿರ್ವಹಣೆಯು ಸೊರಗಿತು. 1992ರ ವಿಮರ್ಶೆಯು ಹಣದ ಅಭಾವವನ್ನೂ, ಔಷಧಗಳ ಕೊರತೆಯನ್ನೂ, ಕಫಪರೀಕ್ಷೆಯನ್ನು ಬದಿಗೊತ್ತಿ ಕ್ಷ-ಕಿರಣವನ್ನೇ ನೆಚ್ಚಿದುದನ್ನೂ ಎತ್ತಿತೋರಿಸಿತು. ಚಿಕಿತ್ಸೆಯನ್ನು ಪೂರ್ಣಗೊಳಿಸಿದವರು ಅರ್ಧಕ್ಕಿಂತಲೂ ಕಡಿಮೆ. ಕಣ್ಣೆದುರಿನಲ್ಲಿ ಔಷಧ ಕೊಡುವ ಮದರಾಸಿನ ಕ್ರಮವು 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಹೊಸ ಹೆಸರಿನಿಂದ ನಮಗೆ ಮರಳಿ ಬಂದಿತು. 1997ರಲ್ಲಿ ಪರಿಷ್ಕೃತ ಕಾರ್ಯಕ್ರಮವು ಮೊದಲಾಯಿತು.

ಮದರಾಸಿನ ಪಾಠವನ್ನು ತಪ್ಪಾಗಿ ಓದಿದವರೂ ಉಂಟು. ಅರೆಹೊಟ್ಟೆಯವನೂ ಗುಣಹೊಂದಿದನಲ್ಲವೆ, ಹಾಗಾದರೆ ಅನ್ನದ ಚಿಂತೆ ವೈದ್ಯನಿಗೇಕೆ, ಎಂಬುದು ಅವರ ವಾದ. ಔಷಧವು ರೋಗವನ್ನು ಗುಣಪಡಿಸಬಲ್ಲುದೆಂದು ಮದರಾಸು ತೋರಿಸಿತೇ ಹೊರತು, ಹಸಿವು ರೋಗವನ್ನು ತರುವುದಿಲ್ಲವೆಂದು ತೋರಿಸಲಿಲ್ಲ. ಮಂಗಳೂರಿನ ವೈದ್ಯಕೀಯ ಕಾಲೇಜೊಂದರ ಡಾ. ಅನುರಾಗ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನ 4 ಜಿಲ್ಲೆಗಳಲ್ಲಿ 2,800 ರೋಗಿಗಳ ಕುಟುಂಬಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಉಳಿದ ಅರ್ಧವನ್ನು ಪೂರೈಸಿತು. ಮನೆಯವರೆಲ್ಲರಿಗೂ ತಿಂಗಳ ಪಡಿ ದೊರೆತ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಸುಮಾರು ಶೇಕಡ 40ರಷ್ಟು ತಗ್ಗಿತು.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಇಂದಿಗೂ ನಮ್ಮ ದೇಶದವರು. ಜ್ಞಾನದ ಅಭಾವದಿಂದ ಹೀಗಾಯಿತೆನ್ನಲು ಬರುವಂತಿಲ್ಲ. ಆ ಜ್ಞಾನವು ಬಹುಮಟ್ಟಿಗೆ ಈ ನೆಲದಲ್ಲಿಯೇ, ಇಲ್ಲಿನ ಬಡವರ ಸಹಕಾರದಿಂದಲೇ ದೊರೆತದ್ದು. ಮನೆಯಲ್ಲಿ ಗುಣಹೊಂದಬಲ್ಲೆನೆಂದು ಮದರಾಸಿನ ಕೂಲಿಯು ತೋರಿಸಿಕೊಟ್ಟನು. ಕರೆಯದೆಯೇ ಬರುವೆನೆಂದು ತುಮಕೂರಿನ ರೈತನು ತೋರಿಸಿಕೊಟ್ಟನು. ಇವರಿಬ್ಬರೂ ತಮ್ಮ ಪಾಲಿನ ಕರ್ತವ್ಯವನ್ನು ನೆರವೇರಿಸಿ ಅರುವತ್ತು ವರ್ಷಗಳಾದವು. ಉಳಿದಿರುವುದು ಸಮಾಜದ ಪಾಲು.