ಕೀಲಿಮಣೆಯಲ್ಲಿ ಕಾಣದ ರಳ

ಚಾಮರಾಜಪೇಟೆಯ ಡಿಟಿಪಿ ಅಂಗಡಿಯೊಂದರಿಂದ ಬಂದ ನನ್ನ ಪ್ರಬಂಧದ ಕರಡಿನಲ್ಲಿ ಹಳಗನ್ನಡದ ‘ಬಾೞ್’ ಎಲ್ಲವೂ ‘ಬಾಳ್’ ಆಗಿದ್ದವು, ಬದುಕೆಲ್ಲ ಕತ್ತಿಯಾಗಿತ್ತು. ಕೀಲಿಮಣೆಯಲ್ಲಿ ಆ ಅಕ್ಷರವಿಲ್ಲವೆಂಬುದು ಅಲ್ಲಿನವರ ಸಮಾಧಾನ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ೞಕಾರವನ್ನು ರಳವೆಂದು ಕರೆದು ಬೇರೆಯಾಗಿಯೇ ನಿಲ್ಲಿಸಿದ್ದಾನೆ. ಯೂನಿಕೋಡ್ ಅದಕ್ಕೆ ಸ್ಥಾನವನ್ನೇನೋ ಕೊಟ್ಟಿತು, ಹೆಸರನ್ನು ಮಾತ್ರ ತಪ್ಪಾಗಿ ‘ಫ’ ಎಂದು ಬರೆದುಕೊಂಡಿತು! ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ಕ್ರಮ ಅಲ್ಲಿಲ್ಲ. ಸರಿಯಾದ ಹೆಸರು ಉಪನಾಮವಾಗಿ ಆಮೇಲೆ ಸೇರಿತು. ಅಕ್ಷರಕ್ಕೆ ಅದರಿಂದ ಬಾಧಕವಿಲ್ಲ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ರೋಮನ್ ಲಿಪಿಯಲ್ಲಿ ‘0ಸಿಡಿಇ’ ಎಂದು ಬೆರಳಚ್ಚಿಸಿ, ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ೞ ಮೂಡುತ್ತದೆ. ‘0ಸಿಬಿ1’ ಎಂದರೆ ಶಕಟರೇಫ. ಕೊಯ್ಯುವ ‘ಅರಿ’ಯೂ ತಿಳಿಯುವ ‘ಅಱಿ’ಯೂ ಆಗ ಒಂದರೊಳಗೊಂದು ಬೆರೆಯುವುದಿಲ್ಲ.