ಋತುಚಕ್ರ: ದಿನದ ಎಣಿಕೆಯಿಂದ ಹಾರ್ಮೋನಿನವರೆಗೆ

ಋತುಚಕ್ರ ಎಂಬ ಒಂದೇ ಹೆಸರಿನಡಿ ಹೆಣ್ಣಿನ ಮೈಯಲ್ಲಿ ಎರಡು ಚಕ್ರಗಳು ಜೊತೆಜೊತೆಯಾಗಿ ತಿರುಗುತ್ತವೆ. ಒಂದು ಅಂಡಾಶಯದ್ದು, ಮತ್ತೊಂದು ಗರ್ಭಕೋಶದ್ದು. ಹೊರಗೆ ಕಾಣುವುದು ಗರ್ಭಕೋಶದ ಚಕ್ರದ ಕೊನೆ ಮಾತ್ರ. ಅದಕ್ಕೇ ಮುಟ್ಟು ಎಂದು ಹೆಸರು. ಅದನ್ನು ನಡೆಸುವ ಅಂಡಾಶಯದ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಮನುಷ್ಯರು ಸಾವಿರಾರು ವರ್ಷ ಮುಟ್ಟಿನ ದಿನಗಳನ್ನು ಎಣಿಸುತ್ತ ಬಂದರೂ ಅಂಡಾಣು ಹೊರಬೀಳುವ ದಿನವನ್ನು ಸರಿಯಾಗಿ ಗುರುತಿಸಿದ್ದು 1920ರ ದಶಕದಲ್ಲಿ. ಈ ತಿಳಿವಿನ ಇತಿಹಾಸದಲ್ಲಿ ಮೈಸೂರು ಸಂಸ್ಥಾನ, ರಾಮನಗರ ಮತ್ತು ಬೆಂಗಳೂರಿಗೆ ಪಾಲಿದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಅದು ಆಚಾರದೊಂದಿಗೂ ಕೂಲಿಯ ಬದುಕಿನೊಂದಿಗೂ ಹೆಣೆದುಕೊಂಡಿದೆ.

ಹೆಸರುಗಳು

ಸಂಸ್ಕೃತದಿಂದ ಬಂದ ಋತುಮತಿ, ರಜಸ್ವಲೆ ಎಂಬ ಮಾತುಗಳು ಪುಸ್ತಕದಲ್ಲಿ ಹೆಚ್ಚು, ಬಾಯಲ್ಲಿ ಕಡಿಮೆ. ಆಡುಮಾತಿನಲ್ಲಿ ಮುಟ್ಟಾಗುವುದು, ಹೊರಗಾಗುವುದು, ತಿಂಗಳಾಗುವುದು ಎನ್ನುತ್ತಾರೆ. ಬಡಗಣ ಜಿಲ್ಲೆಗಳಲ್ಲಿ ಕಡಿಗಾಗುವುದು ಎಂಬ ಮಾತೂ ಇದೆ. ಮೊದಲ ಮುಟ್ಟಿಗೆ ಮೈನೆರೆಯುವುದು, ದೊಡ್ಡಾಕಿ ಆಗುವುದು ಎನ್ನುತ್ತಾರೆ. ಕನ್ನಡ, ತೆಲುಗು ಎರಡನ್ನೂ ಆಡುವ ಬಳ್ಳಾರಿ ಸೀಮೆಯಲ್ಲಿ ತೆಲುಗಿನ ‘ಪೆದ್ದಮನಿಷಿ’ ಸಹ ಕಿವಿಗೆ ಬೀಳುತ್ತದೆ. ಇವುಗಳಲ್ಲಿ ಕೆಲವು ಮಾತುಗಳು ಹೇಳುವುದು ಮೈಯಲ್ಲಿ ನಡೆಯುವುದನ್ನಲ್ಲ, ಹೆಂಗಸು ಆ ದಿನಗಳಲ್ಲಿ ಎಲ್ಲಿರಬೇಕು ಎಂಬುದನ್ನು: ಹೊರಗೆ, ಕಡೆಗೆ, ಯಾರೂ ಮುಟ್ಟದ ಹಾಗೆ.

ಚಕ್ರದ ಹಂತಗಳು

ಮುಟ್ಟಿನ ಮೊದಲ ದಿನವನ್ನು ಚಕ್ರದ ಮೊದಲ ದಿನ ಎಂದು ಎಣಿಸುವುದು ವಾಡಿಕೆ. ಚಕ್ರದ ಸರಾಸರಿ 28 ದಿನ. ವಯಸ್ಕ ಹೆಂಗಸರಲ್ಲಿ 24ರಿಂದ 38 ದಿನದೊಳಗೆ ಬಂದರೆ ಅದೂ ಸಹಜವೇ. ಮೈನೆರೆದ ಮೊದಲ ಒಂದೆರಡು ವರ್ಷ ಮತ್ತು ಮುಟ್ಟು ನಿಲ್ಲುವ ಮುಂಚಿನ ಕೆಲವು ವರ್ಷ ಏರುಪೇರು ಹೆಚ್ಚು.

ಮೊದಲರ್ಧ ಕೋಶಿಕೆಯ ಹಂತ. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಒಂದು ಹಾರ್ಮೋನನ್ನು ಬಿಟ್ಟುಬಿಟ್ಟು, ಹೆಚ್ಚುಕಡಿಮೆ ಗಂಟೆ ಒಂದೂವರೆ ಗಂಟೆಗೊಮ್ಮೆ, ಚಿಮ್ಮಿಸುತ್ತದೆ. ಅದರ ಸೂಚನೆಯಂತೆ ಕೆಳಗಿನ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಫ್‌ಎಸ್‌ಎಚ್‌ನ ಪ್ರಚೋದನೆಯಿಂದ ಅಂಡಾಶಯದಲ್ಲಿ ಅಂಡಾಣುವನ್ನು ಒಳಗಿಟ್ಟುಕೊಂಡ ಹಲವು ಕೋಶಿಕೆಗಳು ಬೆಳೆಯತೊಡಗುತ್ತವೆ. ಸಾಮಾನ್ಯವಾಗಿ ಒಂದೇ ಒಂದು ಮುಂದೆ ಹೋಗುತ್ತದೆ, ಉಳಿದವು ಬಾಡುತ್ತವೆ. ಬೆಳೆಯುವ ಕೋಶಿಕೆ ಈಸ್ಟ್ರೋಜನ್ ತಯಾರಿಸುತ್ತದೆ. ಮುಟ್ಟಿನಲ್ಲಿ ಕಳಚಿಹೋದ ಗರ್ಭಕೋಶದ ಒಳಪದರವನ್ನು ಮತ್ತೆ ದಪ್ಪವಾಗಿ ಕಟ್ಟುವುದು ಈ ಈಸ್ಟ್ರೋಜನ್.

ನಡುವಿನ ತಿರುವು ವಿಚಿತ್ರವಾದದ್ದು. ಅಲ್ಲಿಯವರೆಗೆ ಪಿಟ್ಯುಟರಿಯನ್ನು ಅಂಕೆಯಲ್ಲಿಟ್ಟಿದ್ದ ಈಸ್ಟ್ರೋಜನ್, ಪ್ರಮಾಣ ಏರಿ ಎರಡು ದಿನದಷ್ಟು ಹೊತ್ತು ಹಾಗೇ ನಿಂತರೆ, ಅದೇ ಪಿಟ್ಯುಟರಿಯನ್ನು ಕೆರಳಿಸುತ್ತದೆ. ಎಲ್‌ಎಚ್ ಒಮ್ಮೆಲೇ ಉಕ್ಕುತ್ತದೆ. ಆ ಉಕ್ಕು ಶುರುವಾದ ಸುಮಾರು ಒಂದೂವರೆ ದಿನಕ್ಕೆ ಕೋಶಿಕೆ ಬಿರಿದು ಅಂಡಾಣು ಹೊರಬೀಳುತ್ತದೆ. ಅಂಡಾಣುವಿನ ಆಯುಸ್ಸು ಒಂದು ದಿನ ಮಾತ್ರ. ವೀರ್ಯಾಣು ಹೆಣ್ಣಿನ ಮೈಯಲ್ಲಿ ಐದು ದಿನದವರೆಗೂ ಬದುಕಬಲ್ಲದು. ಬಸಿರು ನಿಲ್ಲುವ ದಿನಗಳು ಹೀಗೆ ಒಂದು ವಾರಕ್ಕೂ ಕಡಿಮೆ.

ಉತ್ತರಾರ್ಧ ಪೀತಪಿಂಡದ ಹಂತ. ಬಿರಿದ ಕೋಶಿಕೆಯೇ ಹಳದಿ ಬಣ್ಣದ ಗ್ರಂಥಿಯಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಸುರಿಸುತ್ತದೆ. ಒಳಪದರ ರಸವತ್ತಾಗಿ ಭ್ರೂಣಕ್ಕೆ ಸಜ್ಜಾಗುತ್ತದೆ, ಮೈಯ ಬಿಸಿ ಸ್ವಲ್ಪ ಏರುತ್ತದೆ. ಬಸಿರಾಗದಿದ್ದರೆ ಸುಮಾರು 14 ದಿನಕ್ಕೆ ಪೀತಪಿಂಡ ಬತ್ತುತ್ತದೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ಇಳಿದು, ಒಳಪದರದ ಸುರುಳಿ ರಕ್ತನಾಳಗಳು ಬಿಗಿದುಕೊಂಡು, ಪದರ ಕಳಚುತ್ತದೆ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್. 80 ದಾಟಿದರೆ ಅತಿಸ್ರಾವ ಎನ್ನುತ್ತಾರೆ.

ಚಕ್ರ ಉದ್ದವಾಗುವುದೂ ಗಿಡ್ಡವಾಗುವುದೂ ಬಹುಮಟ್ಟಿಗೆ ಮೊದಲರ್ಧದಲ್ಲಿ. ಉತ್ತರಾರ್ಧ ಅಷ್ಟಾಗಿ ಕದಲುವುದಿಲ್ಲ. ಆದ್ದರಿಂದ ಅಂಡಾಣು ಬಿದ್ದ ದಿನವನ್ನು ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಿದರೆ ತಪ್ಪುತ್ತದೆ, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಿದರೆ ಸಿಗುತ್ತದೆ. ತಿಳಿವಿನ ಇತಿಹಾಸವೆಲ್ಲ ತೊಡರಿಕೊಂಡದ್ದು ಇದೊಂದು ಗಂಟಿನಲ್ಲಿ.

ಹಳೆಯ ತಿಳಿವು

ಸುಶ್ರುತಸಂಹಿತೆ ರಜಸ್ಸು 12ನೇ ವರ್ಷಕ್ಕೆ ತೊಡಗಿ 50ಕ್ಕೆ ನಿಲ್ಲುತ್ತದೆ ಎನ್ನುತ್ತದೆ. ಇಂದಿನ ಲೆಕ್ಕಕ್ಕೂ ಇದು ಹತ್ತಿರ. ಆಯುರ್ವೇದ ತಿಂಗಳನ್ನು ಸ್ರಾವದ ಕಾಲ, ಬಸಿರಿಗೆ ತಕ್ಕ ಋತುಕಾಲ, ಅದು ಕಳೆದ ಕಾಲ ಎಂದು ಮೂರು ಮಾಡಿತು. ಋತುಕಾಲಕ್ಕೆ ಸುಶ್ರುತ ಕೊಟ್ಟದ್ದು 12 ರಾತ್ರಿ, ಮನುಸ್ಮೃತಿ ಕೊಟ್ಟದ್ದು 16. ಎರಡೂ ಮುಂದಕ್ಕೆ ಎಣಿಸಿದ ಲೆಕ್ಕಗಳು. 19ನೇ ಶತಮಾನದ ಐರೋಪ್ಯ ವೈದ್ಯರು ಇದಕ್ಕಿಂತ ದೂರ ತಪ್ಪಿದರು. ಹೆಣ್ಣುನಾಯಿ ಬೆದೆಗೆ ಬಂದಾಗ ಕಾಣುವ ರಕ್ತವನ್ನು ಮುಟ್ಟಿಗೆ ಹೋಲಿಸಿ, ಬಸಿರು ನಿಲ್ಲುವುದು ಮುಟ್ಟಿನ ಆಸುಪಾಸಿನಲ್ಲೇ, ನಡುವಿನ ದಿನಗಳು ನಿರಪಾಯ ಎಂದು ಬೋಧಿಸಿದರು. ಹಾಗೆ ನಂಬಿದವರಿಗೆ ಸಿಕ್ಕಿದ್ದು ಅತ್ಯಂತ ಫಲವತ್ತಾದ ದಿನಗಳೇ.

ಮುಟ್ಟು ಮೈಲಿಗೆಯೇ ಎಂಬ ಪ್ರಶ್ನೆಯನ್ನು ಕನ್ನಡನಾಡು 12ನೇ ಶತಮಾನದಲ್ಲೇ ಎತ್ತಿತು. ಶರಣರು ತಳ್ಳಿಹಾಕಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಮೈಮೇಲೆ ಇಷ್ಟಲಿಂಗ ಧರಿಸಿದ ಹೆಂಗಸು ಮುಟ್ಟಿನ ದಿನವೂ ಪೂಜೆ ಬಿಡಬೇಕಿಲ್ಲ ಎಂಬುದು ಆ ನಿಲುವು. ಆ ಕಾಲಕ್ಕೆ ಸಿಂದ ಅರಸರ ರಾಜಧಾನಿಯಾಗಿದ್ದ ಕುರುಗೋಡು ಇಂದಿಗೂ ದೊಡ್ಡಬಸವೇಶ್ವರನ ಭಕ್ತರ ಊರು. ಆದರೂ ಶರಣರ ಮಾತನ್ನು ಒಪ್ಪಿದ ಎಷ್ಟೋ ಮನೆಗಳಲ್ಲಿ ಹೊರಗೆ ಕೂರುವ ಪದ್ಧತಿ ಬಿಟ್ಟುಹೋಗಲಿಲ್ಲ.

ಅಂಡಾಶಯದ ಶೋಧ

1672ರಲ್ಲಿ ಡಚ್ ವೈದ್ಯ ರೆನ್ಯೇ ದ ಗ್ರಾಫ್ ಅಂಡಾಶಯದ ಕೋಶಿಕೆಗಳನ್ನು ವಿವರವಾಗಿ ಬಣ್ಣಿಸಿದ. ಕೋಶಿಕೆಯೇ ಮೊಟ್ಟೆಯೆಂದು ಅವನು ತಿಳಿದಿದ್ದ. ಅದರೊಳಗಿನ ನಿಜವಾದ ಅಂಡಾಣುವನ್ನು 1827ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ನಾಯಿಯಲ್ಲಿ ಕಂಡ. ಅಂಡಾಶಯಕ್ಕೂ ಮುಟ್ಟಿಗೂ ನಂಟು ನರಗಳ ಮೂಲಕ ಎಂಬುದು ಆ ಶತಮಾನದ ನಂಬಿಕೆ. 1896ರಲ್ಲಿ ವಿಯೆನ್ನಾದ ಎಮಿಲ್ ಕ್ನಾವರ್ ಮೊಲದ ಅಂಡಾಶಯವನ್ನು ಕಿತ್ತು ಮೈಯ ಬೇರೆಡೆ ನೆಟ್ಟಾಗ, ನರದ ನಂಟು ಕಡಿದಿದ್ದರೂ ಗರ್ಭಕೋಶ ಸೊರಗಲಿಲ್ಲ. ಅಂಡಾಶಯ ಏನನ್ನೋ ರಕ್ತಕ್ಕೆ ಬಿಡುತ್ತಿದೆ ಎಂಬುದು ಖಚಿತವಾಯಿತು. 1903ರಲ್ಲಿ ಲುಡ್ವಿಗ್ ಫ್ರೆಂಕೆಲ್ ಗಬ್ಬದ ಮೊಲಗಳ ಪೀತಪಿಂಡ ತೆಗೆದರೆ ಗಬ್ಬ ನಿಲ್ಲದು ಎಂದು ತೋರಿಸಿದ. 1908ರಲ್ಲಿ ಹಿಟ್‌ಷ್ಮನ್ ಮತ್ತು ಆಡ್ಲರ್ ಗರ್ಭಕೋಶದ ಒಳಪದರ ತಿಂಗಳುದ್ದಕ್ಕೂ ಬದಲಾಗುವ ಕ್ರಮವನ್ನು ವಿವರಿಸಿದರು. ಅದಕ್ಕೆ ಮುಂಚೆ ಆ ಸಹಜ ಬದಲಾವಣೆಗಳನ್ನೇ ವೈದ್ಯರು ರೋಗವೆಂದು ಬರೆದಿಡುತ್ತಿದ್ದರು.

ಆ ‘ಏನೋ’ ಯಾವುದು ಎಂಬುದು ಮುಂದಿನ ಮೂವತ್ತು ವರ್ಷಗಳಲ್ಲಿ ತಿಳಿಯಿತು. 1923ರಲ್ಲಿ ಅಮೆರಿಕದ ಎಡ್ಗರ್ ಆಲನ್ ಮತ್ತು ಎಡ್ವರ್ಡ್ ಡಾಯ್ಸಿ ಹಂದಿಯ ಕೋಶಿಕೆಗಳ ರಸದಿಂದ ಇಲಿಗಳಿಗೆ ಬೆದೆ ಬರಿಸಿದರು. 1929ರಲ್ಲಿ ಡಾಯ್ಸಿ ಅಮೆರಿಕದಲ್ಲಿ, ಬುಟೆನಾಂಟ್ ಜರ್ಮನಿಯಲ್ಲಿ ಬೇರೆ ಬೇರೆಯಾಗಿ ಈಸ್ಟ್ರೋಜನ್ನಿನ ಹರಳು ಪಡೆದರು. ಅದೇ ವರ್ಷ ಕಾರ್ನರ್ ಮತ್ತು ವಿಲ್ಲರ್ಡ್ ಆಲನ್ ಪೀತಪಿಂಡದ ಹಾರ್ಮೋನನ್ನು ಗುರುತಿಸಿದರು. 1934ರಲ್ಲಿ ಪ್ರೊಜೆಸ್ಟರಾನ್ ಶುದ್ಧ ರೂಪದಲ್ಲಿ ಸಿಕ್ಕಿತು. ಮುಂದೆ ಡಾಯ್ಸಿಯ ತಂಡ ನಾಲ್ಕು ಟನ್ ಹಂದಿ ಅಂಡಾಶಯ ಅರೆದು ಪಡೆದ ಎಸ್ಟ್ರಡಯೋಲ್ ಎಂಬ ಈಸ್ಟ್ರೋಜನ್ ಕೆಲವೇ ಮಿಲಿಗ್ರಾಂ. ಇಷ್ಟು ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡುವ ವಸ್ತು ಅಷ್ಟು ಕಾಲ ಕೈಗೆ ಸಿಗದಿದ್ದುದರಲ್ಲಿ ಆಶ್ಚರ್ಯವಿಲ್ಲ.

ದಿನದ ಗಂಟನ್ನು ಬಿಚ್ಚಿದವನು ಜಪಾನಿನ ಕ್ಯೂಸಾಕು ಒಗಿನೊ. ಹೊಟ್ಟೆಯ ಶಸ್ತ್ರಕ್ರಿಯೆಗೆ ಬಂದ ಹೆಂಗಸರ ಅಂಡಾಶಯಗಳನ್ನು ಕಣ್ಣಾರೆ ನೋಡಿ ಅವರ ಮುಟ್ಟಿನ ದಿನಗಳೊಂದಿಗೆ ತಾಳೆ ಹಾಕಿದ ಅವನು, ಮುಂದಿನ ಮುಟ್ಟಿಗೆ 12ರಿಂದ 16 ದಿನ ಮುಂಚೆ ಅಂಡಾಣು ಬೀಳುತ್ತದೆ ಎಂದು 1924ರಲ್ಲಿ ಪ್ರಕಟಿಸಿದ. ಆಸ್ಟ್ರಿಯದ ಹೆರ್ಮನ್ ಕ್ನಾವ್ಸ್ ಬೇರೆ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದ.

ಮೈಸೂರು, ರಾಮನಗರ, ಬೆಂಗಳೂರು

1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶಿಸಿತು. ಸರ್ಕಾರವೇ ಇಂಥ ಚಿಕಿತ್ಸಾಲಯ ತೆರೆದದ್ದು ಜಗತ್ತಿನಲ್ಲೇ ಮೊದಲು ಎಂದು ಅದನ್ನು ಎಣಿಸುತ್ತಾರೆ. ಈ ಆದೇಶ ಬಳ್ಳಾರಿಗೆ ಅನ್ವಯಿಸಲಿಲ್ಲ, ಬಳ್ಳಾರಿ ಆಗ ಮದರಾಸು ಪ್ರಾಂತದಲ್ಲಿತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು.

ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಅನುಯಾಯಿ. ದಿನ ಎಣಿಸಿ ಸಂಯಮದಿಂದಿರುವ ವಿಧಾನ ಮಾತ್ರ ಅವರಿಗೆ ಒಪ್ಪಿಗೆಯಾಗಿತ್ತು. ಅವರ ಕೋರಿಕೆಯ ಮೇಲೆ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಬ್ರಹಾಂ ಸ್ಟೋನ್ ಎಂಬ ವೈದ್ಯನನ್ನು ಕಳಿಸಿತು. ದೆಹಲಿಯ ಲೋದಿ ಕಾಲೊನಿಯಲ್ಲೂ, ಹಿಂದೆ ಕ್ಲೋಸ್‌ಪೇಟೆ ಎನಿಸಿದ್ದ ಮೈಸೂರು ರಾಜ್ಯದ ರಾಮನಗರದಲ್ಲೂ 1952ರಲ್ಲಿ ಪ್ರಯೋಗ ಶುರುವಾಯಿತು. ಲೆಕ್ಕ ಬರೆದಿಡಲು ಬಾರದವರಿಗೆ ಬಣ್ಣಬಣ್ಣದ ಮಣಿಸರ ಕೊಡುವುದು ಸ್ಟೋನ್‌ನ ಉಪಾಯ. ಮುಟ್ಟಿನ ದಿನ, ಅಪಾಯದ ದಿನ, ನಿರಪಾಯದ ದಿನ ಒಂದೊಂದಕ್ಕೆ ಒಂದೊಂದು ಬಣ್ಣ. ದಿನಕ್ಕೊಂದು ಮಣಿ ಸರಿಸಬೇಕು. ಕತ್ತಲಲ್ಲಿ ಬಣ್ಣ ಕಾಣದು, ಮಣಿ ಹಿಮ್ಮುಖ ಸರಿಯುತ್ತದೆ, ಸರ ಹಾಕಿಕೊಂಡರೇ ಸಾಕು ಎಂದುಕೊಂಡವರೂ ಇದ್ದರು ಎಂಬ ಕಥೆಗಳು ಆ ಬಳಿಕ ಹರಡಿದವು. ಫಲಿತಾಂಶ ನಿರಾಸೆಯದು. ಹೆಂಗಸರ ಅನಕ್ಷರತೆಯ ಮೇಲೆ ದೂರು ಹೊರಿಸುವುದು ಸುಲಭ, ಆದರೆ ಕೊರತೆ ಸರದಲ್ಲೇ ಇತ್ತು. ಮಣಿಗಳ ಸಂಖ್ಯೆ ಬದಲಾಗದು, ಚಕ್ರದ ಮೊದಲರ್ಧ ಬದಲಾಗುತ್ತದೆ. ಸಾಲದ್ದಕ್ಕೆ ದಿನದ ಲೆಕ್ಕ ಹೆಂಡತಿಯದಾದರೂ ಸಂಯಮದ ತೀರ್ಮಾನ ಗಂಡನ ಕೈಯಲ್ಲಿತ್ತು.

ಮುಂದಿನ ದಶಕಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು ಚಕ್ರದ ಒಳಕೀಲನ್ನು ಬಿಡಿಸತೊಡಗಿದರು. ಅವರ ಪ್ರಯೋಗಗಳಲ್ಲಿ ನಮ್ಮ ಊರುಕೇರಿಗಳಲ್ಲಿ ಕಾಣುವ ಕೋತಿಯೇ ಮುಖ್ಯ ಪ್ರಾಣಿಗಳಲ್ಲೊಂದು. ಅದಕ್ಕೂ ಮನುಷ್ಯರಂತೆ ಮುಟ್ಟಾಗುತ್ತದೆ. ಪಿಟ್ಯುಟರಿ ಗ್ರಂಥಿಯನ್ನೇ ಕಿತ್ತರೆ ಎಲ್ಲ ಹಾರ್ಮೋನೂ ಒಟ್ಟಿಗೆ ಹೋಗುತ್ತವೆ. ಮೌದ್ಗಲ್ ಹಾಗೆ ಮಾಡದೆ ಎಲ್‌ಎಚ್‌ನಂಥ ಒಂದೇ ಹಾರ್ಮೋನನ್ನು ಕಟ್ಟಿಹಾಕುವ ಪ್ರತಿಕಾಯಗಳನ್ನು ಬಳಸಿದರು. ಪೀತಪಿಂಡ ಉಳಿಯಲು, ಪ್ರೊಜೆಸ್ಟರಾನ್ ಬರಲು ಎಲ್‌ಎಚ್ ಬೇಕೇ ಬೇಕು ಎಂಬ ತಿಳಿವನ್ನು ಈ ಬಗೆಯ ಕೆಲಸ ಗಟ್ಟಿಗೊಳಿಸಿತು. 1976ರಲ್ಲಿ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಅದೇ ದಶಕದಲ್ಲಿ ಷಾಲಿ ಮತ್ತು ಗಿಯೆಮಾಂ ಹೈಪೊಥಲಾಮಸ್ಸಿನ ಹಾರ್ಮೋನನ್ನು ಗುರುತಿಸಿ 1977ರ ನೊಬೆಲ್ ಹಂಚಿಕೊಂಡರು. ಆ ಹಾರ್ಮೋನು ಬಿಟ್ಟುಬಿಟ್ಟು ಚಿಮ್ಮಿದರೆ ಮಾತ್ರ ಚಕ್ರ ನಡೆಯುತ್ತದೆ, ಎಡೆಬಿಡದೆ ಸುರಿದರೆ ನಿಲ್ಲುತ್ತದೆ ಎಂದು ಅರ್ನ್ಸ್ಟ್ ಕ್ನೋಬಿಲ್ ಇನ್ನೊಂದು ಜಾತಿಯ ಕೋತಿಗಳಲ್ಲಿ ತೋರಿಸಿದ.

ಈ ತಿಳಿವನ್ನು ಕನ್ನಡದ ಮನೆಗಳಿಗೆ ಮುಟ್ಟಿಸಿದವರಲ್ಲಿ ವೈದ್ಯೆ, ಕಾದಂಬರಿಕಾರ್ತಿ ಅನುಪಮಾ ನಿರಂಜನ (1934–1991) ಮುಖ್ಯರು. ಅವರ ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’, ‘ದಾಂಪತ್ಯ ದೀಪಿಕೆ’ ಮೊದಲಾದ ಪುಸ್ತಕಗಳು ಪಿಸುಮಾತಿನ ವಿಷಯವನ್ನು ಅಚ್ಚಿಗೆ ತಂದವು.

ಬಳ್ಳಾರಿ ಸೀಮೆ

ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1961ರಲ್ಲಿ. ವಿಮ್ಸ್ ಎಂದೇ ಜನರ ಬಾಯಲ್ಲಿರುವ ಅದು ಸುತ್ತಲ ಜಿಲ್ಲೆಗಳಿಗೂ ನೆರೆಯ ಆಂಧ್ರದ ಊರುಗಳಿಗೂ ದೊಡ್ಡಾಸ್ಪತ್ರೆ.

ಮೈನೆರೆದ ಹುಡುಗಿಗೆ ಆರತಿ ಎತ್ತಿ ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ ತಿನ್ನಿಸುವ ಪದ್ಧತಿಯಲ್ಲಿ ಪೋಷಣೆಯ ವಿವೇಕವಿದೆ. ಅದೇ ಘಟನೆಯನ್ನು ಸಮಾಜ ಬೇರೆ ರೀತಿಯಲ್ಲೂ ಬಳಸಿಕೊಂಡಿತು. ಈ ಸೀಮೆಯಲ್ಲಿದ್ದ ದೇವದಾಸಿ ಪದ್ಧತಿಯಲ್ಲಿ ಬಡ ದಲಿತ ಮನೆಗಳ ಹುಡುಗಿಯರಿಗೆ ಎಳೆವೆಯಲ್ಲೇ ಮುತ್ತು ಕಟ್ಟಿ, ಮೈನೆರೆದದ್ದನ್ನೇ ಒಪ್ಪಿಗೆಯೆಂಬಂತೆ ಎಣಿಸುತ್ತಿದ್ದರು. ಮೊದಲ ಮುಟ್ಟು ಅಂಡಾಶಯ ಕೆಲಸ ಕಲಿಯತೊಡಗಿದ ಗುರುತೇ ಹೊರತು ಮೈ ಬಲಿತದ್ದರ ಗುರುತಲ್ಲ. ಮೊದಮೊದಲ ಎಷ್ಟೋ ಚಕ್ರಗಳಲ್ಲಿ ಅಂಡಾಣುವೇ ಬೀಳುವುದಿಲ್ಲ. 1982ರ ಕರ್ನಾಟಕ ಕಾಯ್ದೆ ಈ ಸಮರ್ಪಣೆಯನ್ನು ನಿಷೇಧಿಸಿತು.

ತುಂಗಭದ್ರೆಯ ನೀರುಣ್ಣುವ ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ನಾಟಿ ಹೆಂಗಸರ ಕೆಲಸ. ದಿನವಿಡೀ ಕೆಸರಲ್ಲಿ ಬಗ್ಗಿ ನಿಂತವರಿಗೆ ಬಟ್ಟೆ ಬದಲಿಸಲು ಮರೆಯಿಲ್ಲ. ಬಳ್ಳಾರಿ ನಗರದ ಜೀನ್ಸ್ ಹೊಲಿಗೆಯಲ್ಲೂ ಮಾಡಿದ ಕೆಲಸಕ್ಕಷ್ಟೇ ಕೂಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆಯಿದೆ. ಅಂಥ ಮೈಗೆ ಅತಿಸ್ರಾವ ದೊಡ್ಡ ಪೆಟ್ಟು. ಮುಟ್ಟಿನ ಕಾಟ ಕಳೆಯಲೆಂದು ಗರ್ಭಕೋಶವನ್ನೇ ತೆಗೆಸುವ ಸಲಹೆ ಎಷ್ಟು ದೂರ ಹೋಗಬಹುದು ಎಂಬುದು 2015ರಲ್ಲಿ ಕಲಬುರಗಿಯ ತಾಂಡಾಗಳ ಹೆಂಗಸರು ಪ್ರತಿಭಟಿಸಿದಾಗ ಬಯಲಾಯಿತು. ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ, ಅಷ್ಟೇ. ಜೊತೆಗೆ ಎರಡೂ ಅಂಡಾಶಯ ಹೋದರೆ ಈಸ್ಟ್ರೋಜನ್ನೂ ಬತ್ತಿ, ಮೂವತ್ತರ ಹರೆಯದಲ್ಲೇ ಮೂಳೆ ಸವೆಯತೊಡಗುತ್ತದೆ.

ಹದಿಹರೆಯದ ಹುಡುಗಿಯರಿಗೆ ಪ್ಯಾಡ್ ಹಂಚುವ ರಾಜ್ಯದ ‘ಶುಚಿ’ ಯೋಜನೆ 2013–14ರಲ್ಲಿ ಬಂತು. 2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ನಾಟಿಯ ಕೂಲಿಗೆ ಸಂಬಳವೆಂಬುದೇ ಇಲ್ಲದ್ದರಿಂದ ಈ ರಜೆ ಗದ್ದೆಯ ಬದು ದಾಟುವುದಿಲ್ಲ.

ಎಣಿಕೆ ಮಾತ್ರ ನಿಂತಿಲ್ಲ. ಬಸುರಿಯ ‘ತಾಯಿ ಕಾರ್ಡ್’ನಲ್ಲಿ ಆರೋಗ್ಯ ಕಾರ್ಯಕರ್ತೆ ಕೇಳಿ ಬರೆಯುವುದರಲ್ಲಿ ಕೊನೆಯ ಮುಟ್ಟಿನ ದಿನವೂ ಒಂದು. ಹೆರಿಗೆಯ ದಿನ ಗುರುತಿಸುವುದು ಅದಕ್ಕೆ 280 ದಿನ ಕೂಡಿಸಿ. ತಾರೀಖು ನೆನಪಿಲ್ಲದವರು ಅಮವಾಸ್ಯೆ, ಹುಣ್ಣಿಮೆ, ಹಬ್ಬದ ಗುರುತು ಹೇಳುತ್ತಾರೆ. ಚಾಂದ್ರಮಾಸ ಇಪ್ಪತ್ತೊಂಬತ್ತೂವರೆ ದಿನದ್ದಾದ್ದರಿಂದ ಆ ಲೆಕ್ಕ ಋತುಚಕ್ರಕ್ಕೆ ಹತ್ತಿರವೇ ಇರುತ್ತದೆ. ಆದರೆ 280 ದಿನದ ಲೆಕ್ಕ ಚಕ್ರ ಉದ್ದವಿದ್ದವರಲ್ಲಿ ಇಂದಿಗೂ ತಪ್ಪುತ್ತದೆ, ಏಕೆಂದರೆ ಇದೂ ಮುಂದಕ್ಕೆ ಎಣಿಸುವ ಲೆಕ್ಕ. ಆಗ ಅದನ್ನು ತಿದ್ದುವುದು ಮೊದಲ ತಿಂಗಳುಗಳ ಸ್ಕ್ಯಾನ್.