ಅಲಿಪುರದ ಪಂಚಾಂಗವೂ ಆಕಾಶದ ಆಘಾತ ತರಂಗವೂ

ಕಲಕತ್ತೆಯ ಅಲಿಪುರವೆಂದೊಡನೆ ಇಲ್ಲಿನ ಕನ್ನಡಿಗರಿಗೆ ಬೆಲ್ವೆಡೇರ್ ಭವನದ ರಾಷ್ಟ್ರೀಯ ಗ್ರಂಥಾಲಯ ನೆನಪಾಗುವುದು. ಅದೇ ಅಲಿಪುರದಲ್ಲಿ 1955ರಲ್ಲಿ ಹವಾಮಾನ ಇಲಾಖೆಯ ಆಶ್ರಯದಲ್ಲಿ ನಾವಿಕ ಪಂಚಾಂಗದ ಪುಟ್ಟ ಕಚೇರಿಯೊಂದು ಆರಂಭವಾಯಿತು. ಮೇಘನಾದ ಸಾಹಾ ಅಧ್ಯಕ್ಷರಾಗಿದ್ದ ಪಂಚಾಂಗ ಸುಧಾರಣಾ ಸಮಿತಿಯ ಫಲವದು. ಮರುವರ್ಷವೇ ಸಾಹಾ ತೀರಿಕೊಂಡರು.

ಸಿಡಿದ ಮಹಾನವ್ಯಗಳ ಅವಶೇಷಗಳನ್ನು ಅತಿನೇರಳೆ ರೋಹಿತದಿಂದ ಅಭ್ಯಸಿಸುವ ಚರಿತ್ರೆಗೆ ಸಾಹಾರ ಹೆಸರನ್ನು ಜೋಡಿಸಹೊರಟವರಿಗೆ 1920ರ ಅಯಾನೀಕರಣ ಸಮೀಕರಣವೇ ಮೊದಲು ಹೊಳೆಯುವುದು ಸಹಜ. ಆದರೆ ಅದು ಅಭಿಮಾನದ ಮಾತಾದೀತೇ ಹೊರತು ಚರಿತ್ರೆಯಾಗದು. ಆ ಸಮೀಕರಣಕ್ಕೆ ಉಷ್ಣ ಸಮತೋಲ ಬೇಕು. ಪ್ರತಿಯೊಂದು ಕ್ರಿಯೆಗೂ ಅದರ ವಿರುದ್ಧ ಕ್ರಿಯೆ ಸರಿದೂಗಬೇಕು. ಆಘಾತ ತರಂಗದ ಹಿಂದಿನ ಅನಿಲವಾದರೋ ಅತಿ ವಿರಳ. ತರಂಗ ಸೆಕೆಂಡಿಗೆ 100 ಕಿಲೋಮೀಟರ್ ವೇಗದಿಂದ ನುಗ್ಗಿದರೆ ಅನಿಲದ ಉಷ್ಣತೆ ಸುಮಾರು 1.4 ಲಕ್ಷ ಡಿಗ್ರಿಗೆ ಏರುವುದು. ಎಲೆಕ್ಟ್ರಾನುಗಳ ಬಡಿತದಿಂದ ಪರಮಾಣುಗಳು ಒಡೆಯುವುವು; ಬೆಳಕನ್ನು ಸೂಸುತ್ತ ಮರಳಿ ಕೂಡುವುವು. ಅಷ್ಟರಲ್ಲಿ ಅನಿಲ ತಣಿಯತೊಡಗುವುದರಿಂದ ಲೆಕ್ಕವೇ ಬೇರೆ. ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಇಂಗಾಲದ ರೇಖೆ 155 ನ್ಯಾನೊಮೀಟರಿನಲ್ಲಿಯೂ, ಐದನ್ನು ಕಳೆದುಕೊಂಡ ಆಮ್ಲಜನಕದ್ದು 103ರ ಸುಮಾರಿನಲ್ಲಿಯೂ ಕಾಣುವುವು. ಎರಡನೆಯದು ಮೂಡಲು ಇನ್ನೂ ವೇಗದ ತರಂಗ ಬೇಕು. ಇಂಥ ರೇಖೆಗಳ ಪ್ರಖರತೆಯನ್ನು ಹೋಲಿಸಿಯೇ ತರಂಗದ ವೇಗವನ್ನು ತಿಳಿಯುವರು.

ಇವಾವುವೂ ನೆಲಕ್ಕೆ ಇಳಿಯವು, ವಾಯುಮಂಡಲ ನುಂಗಿಬಿಡುವುದು. ಸಾಹಾರ ನಿಜವಾದ ಸಂಬಂಧವಿರುವುದು ಇಲ್ಲಿ. ಓಝೋನ್ ಪದರದ ಮೇಲೇರಿ ಸೂರ್ಯನ ಅತಿನೇರಳೆ ರೋಹಿತವನ್ನು ಹಿಡಿಯಬೇಕೆಂದು ಅವರು 1937ರಲ್ಲಿಯೇ ಹಾರ್ವರ್ಡ್ ವೀಕ್ಷಣಾಲಯದ ಪತ್ರಿಕೆಯಲ್ಲಿ ಬರೆದರು. ಕೃತಕ ಉಪಗ್ರಹ ಹಾರಲು ಆಗ ಇನ್ನೂ ಇಪ್ಪತ್ತು ವರ್ಷವಿತ್ತು! ಅವರ ಮನಸ್ಸಿನಲ್ಲಿದ್ದುದು ಸೂರ್ಯನೇ, ಮಹಾನವ್ಯವಲ್ಲ, ಇದನ್ನೂ ಮರೆಮಾಚಬಾರದು.

1972ರಲ್ಲಿ ಹಾರಿದ ಕೋಪರ್ನಿಕಸ್ ಉಪಗ್ರಹ, ವೇಲಾ ಅವಶೇಷದ ಹಿಂದಿರುವ ನಕ್ಷತ್ರಗಳ ಬೆಳಕಿನಲ್ಲಿ ವೇಗವಾಗಿ ಚಲಿಸುವ ಅನಿಲದ ಗುರುತನ್ನು ಕಂಡಿತು. 1978ರ ಅಂತರರಾಷ್ಟ್ರೀಯ ಅತಿನೇರಳೆ ಶೋಧಕವು ರಾಜಹಂಸ ನಕ್ಷತ್ರಪುಂಜದಲ್ಲಿನ ಅವಶೇಷದ ಎಳೆಗಳಿಂದ ಇಂಗಾಲದ ರೇಖೆಯನ್ನು ನೇರವಾಗಿ ಪಡೆಯಿತು.

ನಮ್ಮ ನಾಡಿನ ಪಾಲು ತಡವಾಗಿ ಬಂದಿತು. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕವನ್ನು ಜೋಡಿಸಿದ್ದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ಅದರ ದೃಷ್ಟಿ ತೊಡಗುವುದು 130 ನ್ಯಾನೊಮೀಟರಿನಿಂದ. ಇಂಗಾಲದ ರೇಖೆ ಅದರ ಎಲ್ಲೆಯೊಳಗೆ ಬರುವುದು. ಆಮ್ಲಜನಕದ್ದು ಹೊರಗೆ ಉಳಿಯುವುದು.